ಯಹೂದಿ ಗಂಡಸು ಪುಕ್ಕಲನೋ, ಕಮಾಂಡೋನೋ?

ಪ್ರಶ್ನೆ: ನಾನು ಎಂಟು ವರ್ಷದಿಂದ ನ್ಯೂ ಜೆರ್ಸಿಯಲ್ಲಿದ್ದೇನೆ. ಮೊನ್ನೆ ಆಫೀಸಿನಲ್ಲಿ ವಾಲಿಬಾಲ್ ತಂಡ ಕಟ್ಟುವಾಗ ಯಹೂದಿ ಸಹೋದ್ಯೋಗಿಯೊಬ್ಬ, "ನನ್ನನ್ನ ಬಿಟ್ಟುಬಿಡಿ, ನಮ್ಮ ಜನಕ್ಕೂ ಚೆಂಡಿಗೂ ಆಗಿಬರಲ್ಲ, ನಾವು ಪುಸ್ತಕದ ಹುಳುಗಳು, ಅಮ್ಮನ ಸೆರಗು ಹಿಡಿದವರು" ಎಂದು ತಮಾಷೆ ಮಾಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಊರಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕಥೆ ಪೂರ್ತಿ ಉಲ್ಟಾ. ಯಹೂದಿ ಗಂಡಸು ಅಂದರೆ ಹುಟ್ಟು ಕಮಾಂಡೋ ಅನ್ನೋ ಹಾಗೆ ಫಾರ್ವರ್ಡ್‌ಗಳು ಬರುತ್ತವೆ. ಇದರಲ್ಲಿ ಯಾವುದು ನಿಜ? ರಕ್ತದಲ್ಲಿ, ಮೈಕಟ್ಟಿನಲ್ಲಿ ಏನಾದರೂ ಇದೆಯಾ? ಯಹೂದಿಗಳದು ಗಿಣಿಮೂಗು ಅನ್ನೋ ಆ ಮಾತು ಎಲ್ಲಿಂದ ಬಂತು? ನಾನು ನಕ್ಕಿದ್ದು ತಪ್ಪಾ?

ಉತ್ತರ: ಮೂಗಿನಿಂದಲೇ ಶುರು ಮಾಡೋಣ. ಯಾಕೆಂದರೆ ಅದನ್ನು ಒಬ್ಬರು ನಿಜವಾಗಿಯೂ ಲೆಕ್ಕ ಹಾಕಿ ನೋಡಿದ್ದಾರೆ.

ಮಾರಿಸ್ ಫಿಶ್‌ಬರ್ಗ್ ಅಂತ ನ್ಯೂಯಾರ್ಕಿನ ವೈದ್ಯ. ತಾನೂ ಯಹೂದಿ. ವಲಸೆ ಬಂದ ಯಹೂದಿಗಳ ಮೈ ಅಳತೆ ತೆಗೆಯುತ್ತಾ ಹೋದ ಈತ 2,800ಕ್ಕೂ ಹೆಚ್ಚು ಗಂಡಸರ ಮೂಗುಗಳನ್ನು ಪಟ್ಟಿ ಮಾಡಿದ. ಲೆಕ್ಕ 1911ರಲ್ಲಿ ಅಚ್ಚಾಯಿತು. ನೂರರಲ್ಲಿ ಸುಮಾರು 57 ಮೂಗು ನೆಟ್ಟಗಿದ್ದವು. ಎಲ್ಲರೂ ಆಡಿಕೊಳ್ಳುವ ಆ ಗಿಣಿಮೂಗು ಸಿಕ್ಕಿದ್ದು ನೂರರಲ್ಲಿ ಸುಮಾರು 14 ಮಂದಿಯಲ್ಲಿ. ಉಳಿದವರದು ತುದಿ ಮೇಲೆದ್ದ ಮೂಗು, ಇಲ್ಲವೇ ಚಪ್ಪಟೆ ಮೂಗು. ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಬಸ್ಸಿನಿಂದ ಇಳಿಯುವವರನ್ನು ನೋಡುತ್ತಾ ನಿಂತರೂ ಇಷ್ಟೇ ಬಗೆ ಸಿಗಬಹುದು.

ಹಾಗಾದರೆ ಆ ಮೂಗು ಬಂದಿದ್ದು ಎಲ್ಲಿಂದ? ಚಿತ್ರಗಳಿಂದ. ಯುರೋಪಿನ ಹಳೆಯ ಕ್ರೈಸ್ತ ಚಿತ್ರಗಳಲ್ಲಿ ಯಹೂದಿಯ ಮುಖ ಬೇರೆಯವರ ಮುಖದ ಹಾಗೇ ಇರುತ್ತಿತ್ತು. ಅವನು ಯಹೂದಿ ಅಂತ ತೋರಿಸಲು ಚೂಪು ಟೋಪಿಯೋ ಗಡ್ಡವೋ ಹಾಕುತ್ತಿದ್ದರು, ಅಷ್ಟೇ. 13ನೇ ಶತಮಾನದ ಹೊತ್ತಿಗೆ ಗುರುತು ಟೋಪಿಯಿಂದ ಮುಖಕ್ಕೆ ಇಳಿಯಿತು. ಟೋಪಿಯನ್ನು ತೆಗೆದಿಡಬಹುದು, ಮೂಗನ್ನು ತೆಗೆದಿಡಲಾಗುತ್ತದೆಯೇ? ಮುಂದಿನ ಆರು ನೂರು ವರ್ಷ ಈ ಮೂಗೇ ಮೆರೆಯಿತು. ಕೊನೆಗೆ 1898ರಲ್ಲಿ ಬರ್ಲಿನ್ನಿನ ಜಾಕ್ವೆಸ್ ಜೋಸೆಫ್ ಎಂಬ ಯಹೂದಿ ಶಸ್ತ್ರವೈದ್ಯ, ದೊಡ್ಡ ಮೂಗಿಗೆ ನಾಚಿ ಜನರ ನಡುವೆ ಹೋಗದೆ ಕೂತಿದ್ದ ಒಬ್ಬನ ಮೂಗನ್ನು ಕೆತ್ತಿ ಸಣ್ಣದು ಮಾಡಿದ. ಇವತ್ತಿನ ಮೂಗಿನ ಪ್ಲಾಸ್ಟಿಕ್ ಸರ್ಜರಿಗೆ ಅವನನ್ನೇ ಪಿತಾಮಹ ಎನ್ನುತ್ತಾರೆ.

ಇಲ್ಲಿ ಒಂದು ಅಡ್ಡಮಾತು, ನಮ್ಮ ಕಡೆಯದು. ಯುರೋಪಿನವರಿಗೆ ಈ ವಿದ್ಯೆಯ ರುಚಿ ಹತ್ತಿಸಿದ್ದೇ ಟಿಪ್ಪುವಿನ ಕಾಲದ ಒಂದು ಸುದ್ದಿ. ಇಂಗ್ಲಿಷ್ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸಜಿ ಎಂಬವನು 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯಲ್ಲಿ ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿದರು. 1794ರಲ್ಲಿ ಇದು ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರದ ಸಮೇತ ಬಂತು. ಹೋದ ಮೂಗನ್ನು ಕಟ್ಟಲು ಕಲಿತವರು, ನೂರು ವರ್ಷ ಕಳೆಯುವಷ್ಟರಲ್ಲಿ ಇದ್ದ ಮೂಗನ್ನು ಕೆತ್ತುವುದಕ್ಕೂ ಬಂದರು.

ಇನ್ನು ಗಂಡಸ್ತನದ ಮಾತು. ಇದು ಮೂಗಿಗಿಂತ ವಿಚಿತ್ರ. 13ನೇ ಶತಮಾನದಲ್ಲಿ ತೋಮಾಸ್ ಎಂಬ ಕ್ರೈಸ್ತ ಸನ್ಯಾಸಿ, ಯಹೂದಿ ಗಂಡಸರಿಗೆ ದೇವರ ಶಾಪದಿಂದ ರಕ್ತಸ್ರಾವ ಆಗುತ್ತದೆ ಅಂತ ಬರೆದಿಟ್ಟ. ಮುಂದೆ ಅದು ಗಂಡಸರಿಗೂ ತಿಂಗಳ ಮುಟ್ಟು ಎಂಬಲ್ಲಿಗೆ ಬಂದು ನಿಂತಿತು. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ಅಲ್ಲೂ ಕಡಿಮೆ ಇರಲಿಲ್ಲ. ಓದಿದವರೇ ಶತಮಾನಗಟ್ಟಲೆ ಇದನ್ನು ನಕಲು ಮಾಡಿದರು. ಇದರ ಪಕ್ಕದಲ್ಲೇ ಸುನ್ನತಿಯ ಮಾತು. ಯಹೂದಿಗಳಲ್ಲಿ ಗಂಡುಮಗುವಿಗೆ ಎಂಟನೇ ದಿನ ಸುನ್ನತಿ. ಅವರಿಗೆ ಅದು ದೇವರ ಜೊತೆಗಿನ ಒಪ್ಪಂದದ ಗುರುತು. ಹೊರಗಿನವರ ಕಣ್ಣಿಗೆ ಅದು ಗಂಡಸ್ತನಕ್ಕೆ ಬಿದ್ದ ಕತ್ತರಿ. ಅದೇ ಸುನ್ನತಿಯಾದ ತುರ್ಕಿ ಸಿಪಾಯಿಯನ್ನು ಕಂಡರೆ ಯುರೋಪು ನಡುಗುತ್ತಿತ್ತು. ಅವನನ್ನು ಯಾರೂ ಹೆಣ್ಣಿಗ ಎನ್ನಲಿಲ್ಲ. ಅಂದರೆ ಮಾತು ಹುಟ್ಟಿದ್ದು ಕತ್ತರಿಯಿಂದಲ್ಲ.

19ನೇ ಶತಮಾನದಲ್ಲಿ ಪಾದ್ರಿಯ ಜಾಗಕ್ಕೆ ಡಾಕ್ಟರು ಬಂದರು. ಆಗ ಯುರೋಪಿನ ದೇಶಗಳು ಒಂದೊಂದಾಗಿ ಯಹೂದಿಗಳಿಗೆ ಪೌರತ್ವ ಕೊಡುತ್ತಿದ್ದವು. ಪೌರ ಅಂದರೆ ಬಂದೂಕು ಹಿಡಿಯುವವನು ಅನ್ನೋ ಕಾಲ. ಹಾಗಾಗಿ ವಾದ ಸೀದಾ ಪಾದಕ್ಕೆ ಇಳಿಯಿತು. ಯಹೂದಿಯದು ಚಪ್ಪಟೆ ಪಾದ, ಅವನು ಮೈಲಿಗಟ್ಟಲೆ ನಡೆಯಲಾರ, ಆದ್ದರಿಂದ ಸೈನಿಕನಾಗಲಾರ, ಆದ್ದರಿಂದ ಪೂರ್ತಿ ಪೌರನೂ ಅಲ್ಲ. ಒಂದು ಅಂಗಾಲಿನ ಮೇಲೆ ಇಷ್ಟು ದೊಡ್ಡ ಕಟ್ಟಡ! ಸೇನೆಗೆ ಆಯ್ಕೆ ಮಾಡುವಾಗ ಎದೆಯ ಸುತ್ತಳತೆ ತೆಗೆದು, ಇವರದು ಕಿರಿದು ಎಂದರು. ಪ್ಯಾರಿಸ್ಸಿನ ಹೆಸರಾಂತ ಆಸ್ಪತ್ರೆಯಲ್ಲಿ ನರರೋಗ ತಜ್ಞ ಷಾರ್ಕೋನ ಶಿಷ್ಯ ಹೆನ್ರಿ ಮೇಜ್, ಯಹೂದಿಗಳ ಅಲೆದಾಟವೇ ಒಂದು ನರರೋಗ ಅಂತ 1893ರಲ್ಲಿ ಪ್ರಬಂಧ ಬರೆದ. ನೂರಾರು ವರ್ಷ ಊರಿಂದ ಊರಿಗೆ ಓಡಿಸಿ, ಆಮೇಲೆ ನೀವು ಅಲೆಯುವುದು ಕಾಯಿಲೆ ಅಂತ ಚೀಟಿ ಬರೆದುಕೊಟ್ಟ ಹಾಗೆ.

ಎದೆ ಕಿರಿದಾಗಿತ್ತೋ ಇಲ್ಲವೋ? ಕೆಲವರದು ಕಿರಿದಾಗಿಯೇ ಇತ್ತು. ರಷ್ಯಾದಲ್ಲಿ 1791ರಿಂದ 1917ರವರೆಗೆ ಯಹೂದಿಗಳು ಪಶ್ಚಿಮದ ಅಂಚಿನ ಕೆಲವು ಪ್ರಾಂತ್ಯಗಳಲ್ಲಿ ಮಾತ್ರ ನೆಲೆಸಬಹುದು ಅನ್ನೋ ಕಟ್ಟಳೆ ಇತ್ತು. ಜಮೀನಿಗೆ ಅಡ್ಡಿ, ಹಲವು ಕಸುಬುಗಳಿಗೆ ಅಡ್ಡಿ. ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಹೊಲಿಗೆಗೆ ಕೂತವನ ಎದೆ ಉಳುವವನ ಎದೆಯ ಹಾಗೆ ಹೇಗೆ ಅಗಲವಾಗುತ್ತದೆ? ಬದುಕನ್ನು ಕಿರಿದು ಮಾಡಿದ್ದು ಕಾನೂನು. ಎದೆ ಅಳೆದ ಡಾಕ್ಟರಿಗೆ ಕಂಡಿದ್ದು ಜನಾಂಗ. ಫ್ರಾಂಜ್ ಬೋಆಸ್ ಎಂಬ ಮಾನವಶಾಸ್ತ್ರಜ್ಞ ನ್ಯೂಯಾರ್ಕಿನಲ್ಲಿ ಸುಮಾರು 18,000 ವಲಸಿಗರ, ಅವರ ಮಕ್ಕಳ ಅಳತೆ ತೆಗೆದು, ಹುಟ್ಟಿದ ದೇಶ ಬದಲಾದರೆ ತಲೆಬುರುಡೆಯ ಆಕಾರವೂ ಬದಲಾಗುತ್ತದೆ ಅಂತ 1911ರಲ್ಲಿ ವರದಿ ಕೊಟ್ಟ. ಆ ಬದಲಾವಣೆ ಎಷ್ಟು ದೊಡ್ಡದು ಅನ್ನುವ ವಾದ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ಆದರೆ ಮೈ ಅನ್ನೋದು ಕಲ್ಲಲ್ಲಿ ಕೆತ್ತಿಟ್ಟದ್ದಲ್ಲ ಎಂದು ಎತ್ತಿ ತೋರಿಸಿದ ಮೊದಲಿಗರಲ್ಲಿ ಅವನೊಬ್ಬ.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು 1916ರ ಒಂದು ನಮೂನೆ. ಮೊದಲ ಮಹಾಯುದ್ಧ ನಡೀತಾ ಇತ್ತು. ಯಹೂದಿಗಳು ಮುಂಚೂಣಿಗೆ ಹೋಗದೆ ಹಿಂದೆ ಆಫೀಸುಗಳಲ್ಲಿ ಅಡಗಿದ್ದಾರೆ ಅನ್ನೋ ಗುಲ್ಲು ಜರ್ಮನಿಯಲ್ಲಿ ಎದ್ದಿತು. ಅಕ್ಟೋಬರಿನಲ್ಲಿ ಯುದ್ಧ ಸಚಿವಾಲಯ ಎಲ್ಲ ದಳಗಳಿಗೂ ಆದೇಶ ಕಳಿಸಿತು: ನಿಮ್ಮಲ್ಲಿ ಯಹೂದಿಗಳು ಎಷ್ಟು, ಎಷ್ಟು ಮಂದಿ ಮುಂಚೂಣಿಯಲ್ಲಿ, ಎಷ್ಟು ಮಂದಿ ಹಿಂದೆ? ಸ್ವಲ್ಪ ಯೋಚನೆ ಮಾಡಿ. ಕಂದಕದಲ್ಲಿ ಪಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬನನ್ನು ಮಾತ್ರ ಎಣಿಸಿಕೊಂಡು ಹೋಗುತ್ತಾರೆ. ಲೆಕ್ಕವೇನೋ ಮುಗಿಯಿತು. ಯುದ್ಧ ಮುಗಿಯುವವರೆಗೂ ಸರ್ಕಾರ ಅದನ್ನು ಹೊರಗೆ ಬಿಡಲಿಲ್ಲ. ಜರ್ಮನ್ ಸೇನೆಯಲ್ಲಿದ್ದ ಯಹೂದಿಗಳು ಸುಮಾರು ಒಂದು ಲಕ್ಷ. ಸತ್ತವರು ಸುಮಾರು 12,000. ಗುಲ್ಲು ಮಾತ್ರ ಸಾಯಲಿಲ್ಲ. ಲೆಕ್ಕ ಮುಚ್ಚಿಟ್ಟಿದ್ದಾರೆ ಅಂದರೆ ಏನೋ ಇರಬೇಕು ಅಂತ ಇನ್ನೂ ಬೆಳೆಯಿತು.

ಇಷ್ಟೆಲ್ಲ ಓದಿ ಅವರನ್ನು ಬರೀ ಪುಕ್ಕಲರು ಅನ್ನುತ್ತಿದ್ದರು ಅಂದುಕೊಳ್ಳಬೇಡಿ. ಅದೇ ಬಾಯಿ ಅದೇ ಹೊತ್ತಿಗೆ ಯಹೂದಿ ಗಂಡಸು ಕಾಮುಕ, ನಮ್ಮ ಹೆಣ್ಣುಮಕ್ಕಳನ್ನು ಕೆಡಿಸುವವನು ಎಂದೂ ಹೇಳುತ್ತಿತ್ತು. ನಾಜಿಗಳು 1935ರಲ್ಲಿ ತಂದ ನ್ಯೂರೆಂಬರ್ಗ್ ಕಾಯ್ದೆಯಲ್ಲಿ ಒಂದು ಕಲಮು ಇದೆ. ಯಹೂದಿಯ ಮನೆಯಲ್ಲಿ 45 ವರ್ಷಕ್ಕಿಂತ ಚಿಕ್ಕ ಜರ್ಮನ್ ಹೆಂಗಸು ಮನೆಗೆಲಸಕ್ಕೆ ಇರಬಾರದು. ಗಂಡಸೇ ಅಲ್ಲ ಎಂದು ಆಡಿಕೊಂಡವನಿಂದ ಕೆಲಸದವಳನ್ನು ಕಾಪಾಡಲು ಕಾಯ್ದೆ! ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಹೇಳುವವರಿಗೆ ತೊಂದರೆಯೇ ಅಲ್ಲ. ಕೆಲಸದಿಂದ ದೂರ ಇಡಬೇಕಾದಾಗ ಪುಕ್ಕಲ ಅನ್ನು, ಊರಿಂದ ಓಡಿಸಬೇಕಾದಾಗ ಕಾಮುಕ ಅನ್ನು.

ನಿಮ್ಮ ಗೆಳೆಯನ 'ಪುಸ್ತಕದ ಹುಳು' ಮಾತಿಗೆ ಬರುತ್ತೇನೆ. ಇದರಲ್ಲಿ ಅರ್ಧ ನಿಜವಿದೆ, ಅದು ಸುಂದರವಾದ ನಿಜ. ಯಹೂದಿ ಪಂಡಿತರು ತಮ್ಮದೇ ಒಂದು ಗಂಡಸಿನ ಮಾದರಿ ಕಟ್ಟಿಕೊಂಡಿದ್ದರು. ಅವರ ಧರ್ಮಶಾಸ್ತ್ರದ ಗ್ರಂಥವಾದ ತಾಲ್ಮುದ್‌ನಲ್ಲಿ ಒಂದು ಕಥೆ ಬರುತ್ತದೆ. ರಬ್ಬಿ (ಅಂದರೆ ಧರ್ಮಗುರು) ಯೋಹನಾನ್ ಬಹಳ ಚೆಲುವ, ಮುಖದ ಮೇಲೆ ಗಡ್ಡವಿಲ್ಲ. ಒಂದು ದಿನ ಜೋರ್ಡಾನ್ ನದಿಯಲ್ಲಿ ಸ್ನಾನ ಮಾಡ್ತಾ ಇದ್ದಾಗ ರೇಶ್ ಲಾಕಿಶ್ ಎಂಬ ದರೋಡೆಕೋರ ಒಂದೇ ನೆಗೆತಕ್ಕೆ ನೀರಿಗೆ ಹಾರಿ ಹತ್ತಿರ ಬರುತ್ತಾನೆ. ಈ ಬಲ ಧರ್ಮಗ್ರಂಥಕ್ಕೆ ಇರಲಿ, ಅನ್ನುತ್ತಾನೆ ರಬ್ಬಿ. ಈ ಚೆಲುವು ಹೆಂಗಸರಿಗೆ ಇರಲಿ, ಅನ್ನುತ್ತಾನೆ ದರೋಡೆಕೋರ. ನೀನು ಈ ದಾರಿ ಬಿಟ್ಟರೆ ನನಗಿಂತ ಚೆಲುವೆಯಾದ ನನ್ನ ತಂಗಿಯನ್ನು ಕೊಡುತ್ತೇನೆ ಅಂತ ರಬ್ಬಿ ಮಾತು ಕೊಡುತ್ತಾನೆ. ಅವನು ಒಪ್ಪುತ್ತಾನೆ. ಒಪ್ಪಿದ ಮೇಲೆ ದಡದಲ್ಲಿದ್ದ ತನ್ನ ಸಾಮಾನು ತರಲು ವಾಪಸ್ ನೆಗೆಯಲು ಹೋದರೆ, ಆಗುವುದಿಲ್ಲ. ಆ ಹಳೆಯ ನೆಗೆತವೇ ಮೈಯಿಂದ ಹೋಗಿಬಿಟ್ಟಿದೆ. ಕಥೆ ಹೇಳುವವರಿಗೆ ಅದರ ಬಗ್ಗೆ ಒಂದಿಷ್ಟೂ ಮರುಕವಿಲ್ಲ. ಅವನು ಮುಂದೆ ದೊಡ್ಡ ಪಂಡಿತನಾಗುತ್ತಾನೆ.

ಯಾರು ವೀರ, ತನ್ನ ಆಸೆಯನ್ನು ಗೆದ್ದವನು ಅನ್ನೋ ಮಾತೂ ಅವರ ಹಳೆಯ ಗ್ರಂಥದಲ್ಲಿದೆ. ಗೆದ್ದು ಬಿಟ್ಟುಕೊಟ್ಟ ಬಾಹುಬಲಿಯನ್ನು ಬೆಟ್ಟದ ಮೇಲೆ ನಿಲ್ಲಿಸಿದ ನಾಡಿನವರು ನಾವು, ನಮಗಿದು ಅರ್ಥವಾಗದ ಮಾತೇನಲ್ಲ. ಪೂರ್ವ ಯುರೋಪಿನಲ್ಲಿ ಯಿಡ್ಡಿಷ್ ಮಾತಾಡುವ ಯಹೂದಿಗಳು ಇಂಥ ಮೆದು ಸ್ವಭಾವಕ್ಕೆ 'ಎಡಲ್‌ಕೈಟ್' ಅನ್ನುತ್ತಿದ್ದರು. ಬಿಳಿಚಿದ ಮುಖ, ಮೃದು ಕೈ, ಬೆಳಗಿಂದ ರಾತ್ರಿವರೆಗೆ ಓದು. ಹೆಣ್ಣು ಕೊಡುವವರು ಹುಡುಕುತ್ತಿದ್ದ ಅಳಿಯ ಇವನೇ. ಅಂಗಡಿ, ಸಂತೆ ವ್ಯವಹಾರ ಎಷ್ಟೋ ಮನೆಗಳಲ್ಲಿ ಹೆಂಡತಿಯದು. ಹೊರಗಿನವರು ಇದನ್ನೇ ನೋಡಿ "ಗಂಡಸು ಮನೆಯಲ್ಲಿ, ಹೆಂಗಸು ಅಂಗಡಿಯಲ್ಲಿ" ಎಂದು ನಕ್ಕರು.

ಅರ್ಧ ನಿಜ ಅಂದೆ. ಇನ್ನರ್ಧ ಏನು? ಹೆಚ್ಚಿನ ಯಹೂದಿ ಗಂಡಸರಿಗೆ ಹಾಗೆ ಓದುತ್ತಾ ಕೂರುವ ಅನುಕೂಲವೇ ಇರಲಿಲ್ಲ. ಅವರು ಗಾಡಿ ಹೊಡೆದರು, ಚಮ್ಮಾರಿಕೆ ಮಾಡಿದರು, ಮೂಟೆ ಹೊತ್ತರು. ಇವತ್ತು ಗ್ರೀಸಿನಲ್ಲಿರುವ ಸಲೋನಿಕಾ ಬಂದರನ್ನೇ ತೆಗೆದುಕೊಳ್ಳಿ. ಅಲ್ಲಿ ಹಡಗಿನ ಸರಕು ಇಳಿಸುವವರಲ್ಲಿ ಬಹುಪಾಲು ಯಹೂದಿಗಳು. ಅವರಿಗೆ ಶನಿವಾರ ಸಬ್ಬತ್ತಿನ ರಜೆ. ಹಾಗಾಗಿ ಶನಿವಾರ ಇಡೀ ಬಂದರೇ ಬಾಗಿಲು ಹಾಕುತ್ತಿತ್ತು! ಆ ಮೂಟೆ ಹೊರುವವರನ್ನು ಅಲ್ಲಿ ಕರೆಯುತ್ತಿದ್ದುದು 'ಹಮಾಲ್' ಎಂದು. ಯಶವಂತಪುರದ ಯಾರ್ಡಿನಲ್ಲಿ ನಾವು ಹಮಾಲಿ ಅನ್ನುವುದೂ ಅದೇ ಅರಬ್ಬಿ ಪದ. 1930ರ ದಶಕದಲ್ಲಿ ಇವರಲ್ಲಿ ಕೆಲವರು ಹೈಫಾ ಬಂದರಿನ ಕೆಲಸಕ್ಕೆ ಹೋದರು. ಉಳಿದ ಊರಿನವರಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ನಾಜಿಗಳು 1943ರಲ್ಲಿ ಆಷ್ವಿಟ್ಜ್‌ನ ಸಾವಿನ ಶಿಬಿರಕ್ಕೆ ಸಾಗಿಸಿದರು.

ಹೆಣ್ಣಿಗರು ಅನ್ನೋ ಈ ಬೈಗುಳ ಯಹೂದಿಗಳ ಒಳಗೂ ಇಳಿಯದೆ ಇರಲಿಲ್ಲ. ವಿಯೆನ್ನಾದಲ್ಲಿ ಒಟ್ಟೊ ವೈನಿಂಗರ್ ಎಂಬ ಯಹೂದಿ ಮನೆತನದ ಹುಡುಗ, ಯಹೂದಿತನ ಅಂದರೇ ಹೆಣ್ಣಿಗತನ ಎಂದು 1903ರಲ್ಲಿ ಪುಸ್ತಕ ಬರೆದ. ಅದೇ ವರ್ಷ, 23ನೇ ವಯಸ್ಸಿಗೆ ಗುಂಡು ಹಾರಿಸಿಕೊಂಡು ಸತ್ತ. ಇನ್ನೊಂದು ಉತ್ತರ ಗರಡಿಯ ಕಡೆಯಿಂದ ಬಂತು. ಮ್ಯಾಕ್ಸ್ ನೋರ್ಡೌ ಎಂಬ ವೈದ್ಯ 1898ರಲ್ಲಿ ಬಾಸೆಲ್‌ನಲ್ಲಿ ನಡೆದ, ಯಹೂದಿಗಳಿಗೆ ಸ್ವಂತ ನಾಡು ಬೇಕು ಎನ್ನುವವರ ಜಿಯೋನಿಸ್ಟ್ ಸಮ್ಮೇಳನದಲ್ಲಿ, ನಮಗೆ ಬೇಕಾಗಿರುವುದು 'ಸ್ನಾಯುಗಳ ಯಹೂದಿತನ' ಎಂದ. ಅದೇ ವರ್ಷ ಬರ್ಲಿನ್ನಿನಲ್ಲಿ ಯಹೂದಿ ಹುಡುಗರ ಕಸರತ್ತಿನ ಸಂಘ ಶುರುವಾಯಿತು. ಅದಕ್ಕೆ ಒಂದು ವರ್ಷ ಮುಂಚೆ, 1897ರಲ್ಲಿ, ಮದ್ರಾಸಿನಲ್ಲಿ ವಿವೇಕಾನಂದರು ನಮ್ಮ ಹುಡುಗರಿಗೆ ಗೀತೆಗಿಂತ ಫುಟ್‌ಬಾಲೇ ಸ್ವರ್ಗಕ್ಕೆ ಹತ್ತಿರದ ದಾರಿ ಅಂದಿದ್ದರು. ಬಂಗಾಳಿಗಳನ್ನು ಹೆಣ್ಣಿಗರೆಂದು ಇಂಗ್ಲಿಷರು ಹೀಯಾಳಿಸುತ್ತಿದ್ದ ಕಾಲ ಅದು. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿರಲಿಲ್ಲ, ಉರಿ ಮಾತ್ರ ಒಂದೇ.

ನನಗೆ ನೋರ್ಡೌ ವಿಷಯದಲ್ಲಿ ಎರಡು ಮನಸ್ಸು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬೈದವರ ಅಳತೆಗೋಲನ್ನೇ ಅವನು ಒಪ್ಪಿಕೊಂಡುಬಿಟ್ಟ. ರೇಶ್ ಲಾಕಿಶ್‌ನ ಕಥೆ ಇದ್ದ ಮನೆಯಲ್ಲಿ ಬೇರೆಯವರ ಟೇಪು ಹಿಡಿದು ತೋಳು ಅಳೆಯಲು ನಿಂತ. ಆದರೆ ಅದರಿಂದ ಹುಟ್ಟಿದ ಖುಷಿಯನ್ನು ಬೇಡ ಅನ್ನಲು ನನಗೆ ಮನಸ್ಸಿಲ್ಲ. 1909ರಲ್ಲಿ ಶುರುವಾದ ವಿಯೆನ್ನಾದ ಹಕೋಆಹ್ ಕ್ಲಬ್ 1923ರಲ್ಲಿ ಲಂಡನ್ನಿಗೆ ಹೋಗಿ ವೆಸ್ಟ್ ಹ್ಯಾಮ್ ತಂಡವನ್ನು ಅವರ ನೆಲದಲ್ಲೇ 5-0 ಗೋಲಿನಿಂದ ಹೊಡೆಯಿತು. 1925ರಲ್ಲಿ ಆಸ್ಟ್ರಿಯಾದ ಲೀಗ್ ಗೆದ್ದಿತು. 1938ರಲ್ಲಿ ನಾಜಿಗಳು ಕ್ಲಬ್ಬನ್ನೇ ಮುಚ್ಚಿಸಿದರು. ಸೋದರಸಂಬಂಧಿಗಳಾದ ಆಲ್ಫ್ರೆಡ್ ಫ್ಲಾಟೋ, ಗುಸ್ಟಾವ್ ಫೆಲಿಕ್ಸ್ ಫ್ಲಾಟೋ 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಜರ್ಮನಿಗೆ ಜಿಮ್ನಾಸ್ಟಿಕ್ಸ್ ಪ್ರಶಸ್ತಿ ತಂದವರು. ಇಬ್ಬರೂ ಸತ್ತಿದ್ದು ಟೆರೆಜಿನ್‌ನ ನಾಜಿ ಶಿಬಿರದಲ್ಲಿ. ಗಟ್ಟಿ ತೋಳು ತೋರಿಸಿದರೆ ಬಿಟ್ಟುಬಿಡುತ್ತಾರೆ ಅನ್ನೋ ಲೆಕ್ಕವೇ ತಪ್ಪಾಗಿತ್ತು.

ಆಟದಲ್ಲಿ ಗೆದ್ದರೆ ಬಾಯಿ ಮುಚ್ಚುತ್ತಾರಾ ಅಂದರೆ, ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷಿಲಿ. 1930ರ ದಶಕದ ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಅಂದರೆ ಯಹೂದಿ ಹುಡುಗರು ಎನ್ನುವ ಹಾಗಿತ್ತು. ಫಿಲಡೆಲ್ಫಿಯಾದ ಒಂದು ತಂಡ ಅಂಗಿಯ ಮೇಲೆ ಹೀಬ್ರೂ ಅಕ್ಷರ ಹಾಕಿಕೊಂಡೇ ಆಡಿ ಲೀಗ್ ಮೇಲೆ ಲೀಗ್ ಗೆದ್ದಿತು. ಆಗ ಪಾಲ್ ಗ್ಯಾಲಿಕೊ ಎಂಬ ಹೆಸರಾಂತ ಕ್ರೀಡಾ ಬರಹಗಾರ ಕೊಟ್ಟ ವಿವರಣೆ ಏನು ಗೊತ್ತಾ? ಈ ಆಟಕ್ಕೆ ಹೂಟ ಹೂಡುವ ಬುದ್ಧಿ, ಕಣ್ಣಿಗೆ ಮಣ್ಣೆರಚುವ ಚಳಕ ಬೇಕು, ಅದು ಅವರಲ್ಲಿ ಹುಟ್ಟಿನಿಂದಲೇ ಇದೆಯಂತೆ. ಸೋತರೆ ದುರ್ಬಲ, ಗೆದ್ದರೆ ಕುತಂತ್ರಿ. ಅದಕ್ಕೂ ಸುಮಾರು ನೂರೈವತ್ತು ವರ್ಷ ಹಿಂದೆ ಲಂಡನ್ನಿನ ಡೇನಿಯಲ್ ಮೆಂಡೋಜಾನಿಗೂ ಇದೇ ಆಗಿತ್ತು. ಐದಡಿ ಏಳಿಂಚಿನ ಈ ಯಹೂದಿ ಬಾಕ್ಸರ್, ಕಾಲು ಆಡಿಸುತ್ತಾ ಪಕ್ಕಕ್ಕೆ ಸರಿದು ಹೊಡೆತ ತಪ್ಪಿಸಿಕೊಂಡು, ತನಗಿಂತ ಧಡೂತಿಯಾದವರನ್ನು ಕೆಡವಿ 1790ರ ದಶಕದಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆದ. ನಿಂತಲ್ಲೇ ನಿಂತು ಏಟು ತಿನ್ನದೆ ಸರಿಯುವುದು ಗಂಡಸ್ತನವಲ್ಲ ಎಂದು ಕೆಲವರು ಮೂಗು ಮುರಿದರು. ಇವತ್ತು ಬಾಕ್ಸಿಂಗ್ ಕಲಿಯುವ ಹುಡುಗರಿಗೆ ಮೊದಲು ಹೇಳಿಕೊಡುವ ಪಾಠಗಳಲ್ಲಿ ಅದೂ ಒಂದು.

ನಾಜಿಗಳು ಕೊಂದ ಯಹೂದಿಗಳ ಬಗ್ಗೆ ಆಡುವ ಒಂದು ಮಾತು ಮಾತ್ರ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. "ಕುರಿಗಳ ಹಾಗೆ ಸಾಯಲು ಹೋದರು, ತಿರುಗಿ ಹೊಡೆಯಲಿಲ್ಲ." ಜರ್ಮನ್ನರ ಸೆರೆಯಲ್ಲಿ ಸುಮಾರು 30 ಲಕ್ಷ ಸೋವಿಯತ್ ಸೈನಿಕರು ಸತ್ತರು. ತರಬೇತಿ ಪಡೆದ ಯುವಕರು. ಅವರನ್ನು ಯಾರಾದರೂ ಗಂಡಸರಲ್ಲ ಎಂದಿದ್ದಾರಾ? ಮಕ್ಕಳು ಮರಿ ಕಟ್ಟಿಕೊಂಡು ಉಪವಾಸವಿದ್ದ ದರ್ಜಿಗಳಿಂದ ಮಾತ್ರ ಯಾಕೆ ಆ ನಿರೀಕ್ಷೆ? ಅಷ್ಟರಲ್ಲೂ 1943ರ ಏಪ್ರಿಲ್‌ನಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಘೆಟ್ಟೋ ಬಂಡೆದ್ದು ಸುಮಾರು ಒಂದು ತಿಂಗಳು ಕಾದಾಡಿತು. ಸೋವಿಯತ್ ಸೇನೆಯಲ್ಲಿ ಸುಮಾರು ಐದು ಲಕ್ಷ, ಅಮೆರಿಕದ ಸೇನೆಯಲ್ಲಿ ಸುಮಾರು ಐದೂವರೆ ಲಕ್ಷ ಯಹೂದಿಗಳಿದ್ದರು.

ಈಗ ನಿಮ್ಮ ವಾಟ್ಸಾಪ್ ಕಮಾಂಡೋ. ಅವನನ್ನು ಹುಟ್ಟಿಸಿದ್ದು ರಕ್ತವಲ್ಲ, ಇಸ್ರೇಲಿನ 1949ರ ಕಡ್ಡಾಯ ಸೇನಾ ಸೇವೆಯ ಕಾನೂನು. ಆ ದೇಶದಲ್ಲಿ ಹುಟ್ಟಿದವರನ್ನು 'ಸಬ್ರಾ' ಅನ್ನುತ್ತಾರೆ, ಅಂದರೆ ನಮ್ಮ ಪಾಪಾಸುಕಳ್ಳಿಯ ಹಣ್ಣು. ಹೊರಗೆ ಮುಳ್ಳು, ಒಳಗೆ ಸಿಹಿ. ಈ ಹೊಸ ಗಟ್ಟಿ ಗಂಡಸನ್ನು ಕಟ್ಟುವ ಹುರುಪಿನಲ್ಲಿ, ಯುರೋಪಿನ ಶಿಬಿರಗಳಿಂದ ಬದುಕಿ ಬಂದವರನ್ನು ಕೆಲವು ಹುಡುಗರು 'ಸಬೋನ್' ಅನ್ನುತ್ತಿದ್ದರು. ಸಬೋನ್ ಅಂದರೆ ಸಾಬೂನು. ನಾಜಿಗಳು ಯಹೂದಿಗಳ ಕೊಬ್ಬಿನಿಂದ ಸಾಬೂನು ಮಾಡಿದರೆಂಬ ಆಗಿನ ವದಂತಿ ಆ ಪದದ ಹಿಂದಿತ್ತು. ಅಷ್ಟು ಕ್ರೂರ. ಇತ್ತ ಅದೇ ದೇಶದಲ್ಲಿ ಮಡಿವಂತ ಪಂಥದ ಗಂಡಸರು ಎಷ್ಟೋ ವರ್ಷ ಸೇನೆಗೆ ಹೋಗದೆ ಓದಿನಲ್ಲೇ ಉಳಿದರು. ಅವರನ್ನೂ ಕರೆಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಜೂನ್‌ನಲ್ಲಿ. ಜಗಳ ಇನ್ನೂ ಬಿಸಿಯಾಗಿದೆ. ಒಂದೇ ಅಜ್ಜನ ಇಬ್ಬರು ಮೊಮ್ಮಕ್ಕಳಲ್ಲಿ ಒಬ್ಬ ಬಂದೂಕು ಹಿಡಿದು, ಇನ್ನೊಬ್ಬ ತಾಲ್ಮುದ್ ಹಿಡಿದು ಕೂತಿದ್ದರೆ, ರಕ್ತ ಏನು ಹೇಳುತ್ತದೆ?

ರಕ್ತದ ಪ್ರಶ್ನೆಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪೂರ್ವ ಯುರೋಪಿನ ಯಹೂದಿಗಳು ಶತಮಾನಗಳಿಂದ ತಮ್ಮೊಳಗೇ ಮದುವೆಯಾದವರು. ಅದರಿಂದ ಟೇ-ಸ್ಯಾಕ್ಸ್‌ನಂಥ ಕೆಲವು ಆನುವಂಶಿಕ ಕಾಯಿಲೆಗಳು ಅವರಲ್ಲಿ ಹೆಚ್ಚು. ಅಷ್ಟೇ. ಪುಕ್ಕಲುತನಕ್ಕೂ ಕಮಾಂಡೋತನಕ್ಕೂ ಜೀನ್ ಇಲ್ಲ. ಯೆಮೆನ್, ಇಥಿಯೋಪಿಯಾ, ಪೋಲೆಂಡ್, ಕೊಚ್ಚಿ, ನಾಲ್ಕೂ ಕಡೆಯ ಯಹೂದಿಗಳನ್ನು ಸಾಲಾಗಿ ನಿಲ್ಲಿಸಿದರೆ 'ಯಹೂದಿ ಮೈ' ಯಾವುದು ಅಂತ ನೀವೇ ಹೇಳಿ.

ನಕ್ಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅವನು ತನ್ನನ್ನೇ ಆಡಿಕೊಂಡ. ತಮ್ಮ ಮೇಲೆ ತಾವೇ ನಗುವುದು ಅವರಲ್ಲಿ ಹಳೆಯ ಅಭ್ಯಾಸ, ಬೇರೆಯವರು ಬಾಯಿ ತೆರೆಯುವ ಮುಂಚೆ ತಾವೇ ಹೇಳಿಬಿಡುವುದು. ಅದೇ ಜೋಕನ್ನು ನೀವು ಅವನ ಬೆನ್ನ ಹಿಂದೆ ಹೇಳಿದರೆ ಅದು ಬೇರೆಯೇ ಆಗುತ್ತದೆ. ಮುಂದಿನ ಸಲ ತಂಡ ಕಟ್ಟುವಾಗ ಸುಮ್ನೆ ಅವನ ಕೈಗೆ ಚೆಂಡು ಕೊಟ್ಟು ನೋಡಿ. ನಿಜಕ್ಕೂ ಆಡೋಕೆ ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ. ಆಡಲು ಬಾರದ ಕನ್ನಡಿಗರೂ ಬೇಕಾದಷ್ಟು ಇದ್ದಾರೆ, ನಾನೇ ಒಬ್ಬ.

ರಜೆಗೆ ಬಂದಾಗ ಮುಂಬೈ ಮೇಲೆ ಹಾದು ಬಂದರೆ ಒಂದು ಜಾಗ ನೋಡಿ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಗಾಣದ ಎಣ್ಣೆ ತೆಗೆಯುತ್ತಿದ್ದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದರು ಅಂತ ಊರವರು ಅವರನ್ನು 'ಶನಿವಾರ್ ತೇಲಿ' ಎಂದರು. ಆಮೇಲೆ ಅವರಲ್ಲಿ ಬಹಳ ಮಂದಿ ಕಂಪನಿಯ ಸೈನ್ಯ ಸೇರಿದರು. ಹಾಗೆ ಸೇರಿದ ಸ್ಯಾಮ್ಯುಯೆಲ್ ದಿವೇಕರ್ ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆಸಿಕ್ಕ. ಇವರು ಕುರಾನಿನಲ್ಲಿ ಬರುವ ಬನೀ ಇಸ್ರಾಯೀಲರು, ಕೊಲ್ಲಬೇಡ ಎಂದು ಟಿಪ್ಪುವಿನ ತಾಯಿ ಮಗನಿಗೆ ಹೇಳಿ ಬಿಡಿಸಿದಳು ಅಂತ ಆ ಸಮುದಾಯದಲ್ಲಿ ಕಥೆ ಹೇಳುತ್ತಾರೆ. ಬದುಕಿ ಮುಂಬೈಗೆ ಮರಳಿದ ದಿವೇಕರ್, ಹರಕೆ ತೀರಿಸಿದ ಹಾಗೆ 1796ರಲ್ಲಿ ಒಂದು ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಕಟ್ಟಿಸಿದ. ಹೆಸರು 'ಕರುಣೆಯ ಬಾಗಿಲು'. ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ಸ್ಯಾಮ್ಯುಯೆಲ್ ಸ್ಟ್ರೀಟ್ ಎಲ್ಲಿ ಅಂತ ಕೇಳಿ. ಆ ಬೀದಿಗೆ ಇರುವುದು ಅವನದೇ ಹೆಸರು.